ಒಂದು ಬದಿಯ ಭಾರ

"ಕಲ್ಲ ಎಲ್ಲಿ ಐತವ್ವಾ?" ಎಂದು ಕುಸ್ತಿ ತಾಲೀಮಿನ ಗುರು, ವಸ್ತಾದ ಅಪ್ಪಾಸಾಬ ಕಟ್ಟೆಯ ಮೇಲೆ ಕೂತು ಮೂರನೆಯ ಸಲ ಕೇಳಿದಾಗ ಮನೀಷಾ ಹಾಲಿನ ಕ್ಯಾನು ತೊಳೆಯುತ್ತಿದ್ದಳು.

ಗಂಡ ರೋಹನನಿಗೆ ಮಣ್ಣು ಕೊಟ್ಟ ಮೇಲೆ ಅಳಲೆಂದು ಯಾರೂ ಬಾರದ ಮೊದಲ ಬೆಳಗು ಅದು. ನೆಂಟರು ಹಿಂದಿನ ದಿನವೇ ಹೋಗಿದ್ದರು. ಎಮ್ಮೆ ಎಂದಿನಂತೆ ಒದ್ದಿತ್ತು, ಡೇರಿಯವನು ಎಂದಿನಂತೆ ಹಾರ್ನ್ ಹೊಡೆದು ಹೋಗಿದ್ದ. ಇಷ್ಟು ದಿನ ಅವಳ ಕಣ್ಣಲ್ಲಿ ನೀರು ಬಂದಿರಲಿಲ್ಲ. ಅದನ್ನು ಓಣಿಯ ಹೆಂಗಸರು ಗಮನಿಸಿದ್ದರು.

ಅಪ್ಪಾಸಾಬ ಕೇಳುತ್ತಿದ್ದ ಕಲ್ಲು ಅಂಕಲಿ ಊರಿನ ತಾಲೀಮಿನದು. ಎಂಬತ್ತು ಕಿಲೋದ ದುಂಡನೆಯ ಗುಂಡು. ಹುಡುಗರು ಅದನ್ನು ಎದೆಗೆತ್ತಿ, ಹೆಗಲ ಮೇಲೆ ಹಾಯಿಸಿ ಹಿಂದಕ್ಕೆ ಒಗೆಯಲು ಕಲಿಯುತ್ತಿದ್ದರು. "ಎರಡ ದಿನ ಕೊಡ್ರಿ ವಸ್ತಾದ" ಎಂದು ರೋಹನ ಒಯ್ದು ಹದಿನೇಳು ದಿನವಾಗಿತ್ತು.

"ಬೋಟಿನ್ಯಾಗ ಐತ್ರಿ," ಎಂದಳು ಮನೀಷಾ.

"ಬೋಟಿನ್ಯಾಗ? ಹಣಮಪ್ಪನ ಮುಂದಿನ ಕಲ್ಲ ಬೋಟಿನ್ಯಾಗ ಏನ ಮಾಡತೈತಿ?"

ಒಳಗಿನಿಂದ ಮಾವ ರಾವಸಾಹೇಬ ಬಂದರು. "ಇವತ್ತ ಒಯ್ರಿ ಅಪ್ಪಾಸಾಬ. ಸೋಮವಾರ ಸಾಂಗಲಿಯಂವ ಬರ್ತಾನ, ಬೋಟ ಕೊಂಡ ಒಯ್ತಾನ. ನನ್ನ ಮಗನ್ನ ತಿಂದದ್ದ ನಮಗ ಬ್ಯಾಡ."

ಮನೀಷಾ ಕ್ಯಾನನ್ನು ಬೋರಲು ಹಾಕಿದಳು. "ಬೋಟ ತಿಂದಿಲ್ರಿ ಮಾವಾರ. ಚಿಕ್ಕೋಡಿ ದಾರ್‍ಯಾಗ ಕಬ್ಬಿನ ಟ್ರಾಲಿ ತಿಂತು. ನಾಳಿಂದ ಕಬ್ಬ ಹಚ್ಚೂದ ಬಿಡ್ತೀರೇನ್ರಿ?"

ಅಡುಗೆಮನೆಯಲ್ಲಿ ಅತ್ತೆ ಸೋನಾಬಾಯಿ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಕಲ್ಲ ನಾನ ತಂದ ಕೊಡ್ತೇನ್ರಿ ವಸ್ತಾದ, ಮಧ್ಯಾಹ್ನದೊಳಗ," ಎಂದು ಅವಳು ಎದ್ದಳು. "ಬೋಟ ಎಲ್ಲೂ ಹೋಗಾಂಗಿಲ್ಲ." ದೋಣಿಯ ಕೀಲಿಕೈ ಅವಳ ಕೊರಳಲ್ಲಿತ್ತು. ನೀರಿಗೆ ಬಿದ್ದರೆ ತೇಲಲೆಂದು ರೋಹನ ಅದರ ದಾರಕ್ಕೆ ಒಂದು ಬೆಂಡಿನ ತುಂಡು ಕಟ್ಟಿದ್ದ. ಬಾಗಿಲಿಗೆ ಬಂದ ಸೋನಾಬಾಯಿ ಆ ಬೆಂಡನ್ನೇ ನೋಡಿದರು. ಕರಿಮಣಿ ಇದ್ದ ಜಾಗ ಅದು.

ಆ ದೋಣಿಯನ್ನು ರೋಹನ ಗೋವಾದಲ್ಲಿ ಹಳೆಯದು ಕೊಂಡು ಕಬ್ಬಿನ ಟ್ರಾಲಿಯಲ್ಲೇ ಹೇರಿಕೊಂಡು ತಂದಿದ್ದ. ಎಂಜಿನ್ನು ಹೊಟ್ಟೆಯೊಳಗೆ, ನೀರು ತಳ್ಳುವ ಪಂಖ ತಳದಡಿ, ಹಿಂಬದಿಯ ಅಂಚಿನಿಂದ ಒಳಗೆ. ಹಿಂದೆ ನೀರಿನಲ್ಲಿದ್ದವರಿಗೆ ತಾಗುವುದಿಲ್ಲ. ದೋಣಿ ಓಡುವಾಗ ಹಿಂದೆ ಏಳುವ ಅಲೆಯ ಮೇಲೆ ಹಲಗೆ ಹಾಕಿ ನಿಲ್ಲುವುದು, ಆಮೇಲೆ ಹಗ್ಗ ಬಿಟ್ಟು ಬರೀ ಅಲೆಯ ಬಲದಲ್ಲೇ ಸಾಗುವುದು. ಅದಕ್ಕೆ ವೇಕ್‌ಸರ್ಫಿಂಗ್ ಅನ್ನುತ್ತಾರೆಂದು ಮೊಬೈಲಿನಲ್ಲಿ ಇಬ್ಬರೂ ನೋಡಿದ್ದರು. ಆದರೆ ಕೃಷ್ಣೆಯಲ್ಲಿ ಅಲೆಯೇ ಏಳಲಿಲ್ಲ. ರೋಹನ ಭಾರಕ್ಕೆಂದು ನೀರಿನ ಕ್ಯಾನುಗಳನ್ನು ಎಡಕ್ಕೆ ಮೂರು, ಬಲಕ್ಕೆ ಮೂರು ಲೆಕ್ಕ ಹಾಕಿ ಇಡುತ್ತಿದ್ದ. ಈ ಹೊಳೆಯ ದಂಡೆಯಲ್ಲಿ ಹುಟ್ಟಿದವರೆಲ್ಲ ದೋಣಿ ಹತ್ತಿದ ಕೂಡಲೆ ಮೊದಲು ಕೇಳಿಸಿಕೊಳ್ಳುವ ಮಾತು, ಸಮ ಕೂಡ್ರಿ ಅನ್ನುವುದು. ಧಾರವಾಡದಲ್ಲಿ ಭೌತಶಾಸ್ತ್ರ ಓದಿದ್ದ ಮನೀಷಾ ಕಾಗದದ ಮೇಲೆ ಗೆರೆ ಎಳೆದು, ಭಾರವನ್ನೆಲ್ಲ ಹಿಂದಿನ ಎಡಮೂಲೆಗೆ ತಳ್ಳಬೇಕು, ದೋಣಿ ವಾಲಬೇಕು ಎಂದಿದ್ದಳು. ಎರಡು ದಿನ ಜಗಳವಾಡಿ, ಮೂರನೆಯ ದಿನ ರೋಹನ ನಗುತ್ತ ಕಲ್ಲು ತಂದು ಮೂಲೆಗಿಟ್ಟ. ಅದೇ ಸಂಜೆ ಚಿಕ್ಕೋಡಿಗೆ ಹೋದವನು ಬರಲಿಲ್ಲ.

ಪಂಪಿನ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಲ್ತಾಫ ರೋಹನನ ಗೆಳೆಯ. ಕಲ್ಲು ಮರಳಿಸುವ ಮೊದಲು ಒಮ್ಮೆ ಅಲೆ ಏಳಿಸಿ ನೋಡಬೇಕೆಂದು ಮನೀಷಾ ಹೊಳೆಗೆ ಬಂದಾಗ ಅವನು ಕೀಲಿಕೈ ಇಸಿದುಕೊಂಡು ಚುಕ್ಕಾಣಿ ಹಿಡಿದ. ಅವನ ಹೆಂಡತಿ ರಜಿಯಾ ಕಲ್ಲಿನ ಪಕ್ಕ, ಕ್ಯಾನುಗಳ ನಡುವೆ ಕೂತು ಬುರ್ಖಾ ಬಿಗಿದುಕೊಂಡಳು.

"ಮನೀಷಾಕ್ಕಾ, ನಾನೂ ಒಂದ ಕಲ್ಲ ಆದ್ನಿ ನೋಡ."

"ಕಲ್ಲಾದ್ರ ಸುಮ್ಮ ಇರ್ತಿತ್ತು," ಎಂದ ಅಲ್ತಾಫ.

"ನೀ ಮುಂದ ನೋಡಿ ನಡಸ. ನಾ ಹಿಂದ ನೋಡ್ತೀನಿ," ಎಂದಳು ರಜಿಯಾ.

ತವರಿನ ಬಾವಿಯಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು ಮನೀಷಾ. ಈಗ ಲೈಫ್ ಜಾಕೆಟ್ ಬಿಗಿದು ನೀರಿನಲ್ಲಿ ಅಂಗಾತ ಮಲಗಿ, ಹಿಮ್ಮಡಿಗಳನ್ನು ಹಲಗೆಯ ಮೇಲಿಟ್ಟಳು. ದೋಣಿ ಎಳೆಯಿತು. ಅವಳು ಹಗ್ಗವನ್ನು ತನ್ನ ಕಡೆಗೆ ಎಳೆದಳು, ಮೋರೆ ಅಡಿಯಾಗಿ ಬಿದ್ದಳು. ಮತ್ತೊಮ್ಮೆ ಬಿದ್ದಳು. ಮೂಗಿನಲ್ಲಿ ಹೊಳೆ ಹೊಕ್ಕಿತು.

"ವೈನಿ, ಸಾಕ ಮಾಡೂಣೇನ್ರಿ?" ಎಂದ ಅಲ್ತಾಫ.

"ಸುತ್ತಿ ಬಾರಪಾ."

ಐದನೆಯ ಸಲ ಬಿದ್ದು ಎದ್ದ ಮೇಲೆ ಅವಳು ಎಳೆಯುವುದನ್ನು ಬಿಟ್ಟಳು. ಮೊಣಕಾಲು ಮಡಚಿಕೊಂಡು ಸುಮ್ಮನೆ ಕಾದಳು. ದೋಣಿಯೇ ಅವಳನ್ನು ನೀರಿನಿಂದ ಎತ್ತಿ ನಿಲ್ಲಿಸಿತು. ದೋಣಿಯ ಎಡಮೂಲೆ ಅಂಚಿನವರೆಗೂ ಕುಸಿದಿತ್ತು. ಅದರ ಹಿಂದೆ ಸೊಂಟದೆತ್ತರಕ್ಕೆ ಹಸಿರು ನೀರು ಮಡಚಿಕೊಂಡು ಎದ್ದಿತ್ತು, ಒಡೆಯದೆ ಅವಳ ಜೊತೆಗೇ ಬರುತ್ತಿತ್ತು. ತಾನು ಕಾಗದದ ಮೇಲೆ ಎಳೆದಿದ್ದ ಗೆರೆಯೇ ಅದು. ಮುಂದಿನ ಕಾಲಿಗೆ ಭಾರ ಕೊಟ್ಟಳು. ಹಗ್ಗ ಸಡಿಲಾಯಿತು. ಅದನ್ನು ದೋಣಿಯೊಳಕ್ಕೆ ಒಗೆದಳು.

"ಅರೇ, ಕೈ ಖಾಲಿ!" ಎಂದು ರಜಿಯಾ ಚೀರಿದಳು.

ಅದೇ ಹೊತ್ತಿಗೆ ದಂಡೆಯಿಂದ ಇನ್ನೊಂದು ಕೂಗು ಬಂತು. "ಮುಳಗತೈತಿ! ಬೋಟ ಮುಳಗತೈತಿ! ಬಲಕ್ಕ ಸರೀರಲೇ!" ರಾವಸಾಹೇಬರು ಧೋತರ ಸಹಿತ ನೀರಿಗಿಳಿದು ಎರಡೂ ಕೈ ಬೀಸುತ್ತಿದ್ದರು. ಮನೀಷಾ ಅವರ ಮುಂದೆಯೇ, ಹಿಡಿಯಲು ಏನೂ ಇಲ್ಲದೆ, ನೆಟ್ಟಗೆ ನಿಂತು ಹಾದುಹೋದಳು. ನಂತರ ಬಿದ್ದಳು.

ದಂಡೆಗೆ ಬಂದಾಗ ರಾವಸಾಹೇಬರ ಧೋತರ ತೊಡೆಯವರೆಗೆ ತೊಯ್ದಿತ್ತು. ಅವರು ಸೊಸೆಯ ಮುಖ ನೋಡಲಿಲ್ಲ.

"ಬಿದ್ದ ಸತ್ತಿದ್ದರ?"

"ಬಿದ್ದೇನ್ರಿ. ಆರ ಸಲ. ಸೋಮವಾರ ಬರಬ್ಯಾಡ ಅಂತ ಸಾಂಗಲಿಯವರಿಗೆ ಹೇಳ್ರಿ."

ಅವರು ಧೋತರದ ನೀರು ಹಿಂಡಿದರು. "ಕಲ್ಲ ಹೊಳ್ಳಿ ಕೊಟ್ಟ ಮ್ಯಾಲ ಭಾರಕ್ಕ ಏನ ಇಡಾಕಿ?"

"ನೀವ ಬಂದ ಕುಂಡರ್ರಿ ಮಾವಾರ."

ರಜಿಯಾ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ರಾವಸಾಹೇಬರು ಚಪ್ಪಲಿ ಹುಡುಕುತ್ತ, "ಮೊದಲ ಕಲ್ಲ ಕೊಟ್ಟ ಬಾ," ಎಂದರು. ಅವಳ ಕೊರಳಿಗೆ ಮರಳಿದ್ದ ಕೀಲಿಕೈ ಕೇಳಲಿಲ್ಲ.

ಅಲ್ತಾಫನ ಟೆಂಪೋದಿಂದ ಕಲ್ಲನ್ನು ಹಲಗೆಯ ಮೇಲೆ ಜಾರಿಸಿ ತಾಲೀಮಿನ ಬಾಗಿಲಿಗೆ ಇಳಿಸಿದರು. ಒಳಗೆ ಪೈಲವಾನರು ಜೋಡಿ ಮರದ ಗದೆ ತಿರುಗಿಸುವುದನ್ನು ನಿಲ್ಲಿಸಿದರು.

"ಅಲ್ಲೇ ಬಿಡವ್ವಾ," ಎಂದರು ಅಪ್ಪಾಸಾಬ. "ಒಳಗ ಹೆಣಮಕ್ಕಳ ಬರಾಂಗಿಲ್ಲ. ನಿನಗ ಗೊತ್ತೈತಿ."

"ಗೊತ್ತೈತ್ರಿ. ನಮ್ಮ ಮನಿಯವರು ಇದನ್ನ ಎಲ್ಲಿಂದ ಒಯ್ದಿದ್ರು?"

ಅಪ್ಪಾಸಾಬರ ಕಣ್ಣು ಹಣಮಪ್ಪನ ಪಟದ ಕೆಳಗಿನ ಖಾಲಿ ಕುಳಿಗೆ ಹೋಯಿತು.

ಮನೀಷಾ ಚಪ್ಪಲಿ ಬಿಟ್ಟಳು. ಬಗ್ಗಿ ಎರಡೂ ಅಂಗೈ ಊರಿ ಕಲ್ಲನ್ನು ಹೊಸ್ತಿಲು ದಾಟಿಸಿದಳು. ಎಣ್ಣೆ, ಅರಿಸಿನ ಹಾಕಿ ಹದ ಮಾಡಿದ ಕೆಂಪು ಮಣ್ಣಿನ ಮೇಲೆ ಅದು ನಿಧಾನವಾಗಿ ಉರುಳಿತು. ಯಾರೂ ಮುಂದೆ ಬರಲಿಲ್ಲ, ಯಾರೂ ತಡೆಯಲಿಲ್ಲ. ಕೊರಳಿನ ಕೀಲಿಕೈ ಕಲ್ಲಿಗೆ ಟಕ್ ಟಕ್ ಬಡಿಯುತ್ತಿತ್ತು. ಕುಳಿ ಸಿಕ್ಕಿದಾಗ ಕಲ್ಲು ಒಮ್ಮೆ ಅಲುಗಾಡಿ ಕೂತಿತು.

ಅವಳು ಬಂದ ದಾರಿಯಲ್ಲೇ ಹೊರಗೆ ಹೋದಳು. ಮಣ್ಣು ಸಮ ಮಾಡಲೆಂದು ಅಪ್ಪಾಸಾಬ ಸಲಿಕೆ ಎತ್ತಿದರು. ಬಾಗಿಲಿನಿಂದ ಪಟದವರೆಗೆ ಕಲ್ಲು ಉರುಳಿದ ಒಂದು ಅಗಲ ಗೆರೆ, ಅದರ ಎರಡೂ ಬದಿಗೆ ಇನ್ನೂ ಹಸಿಯಾಗಿದ್ದ ಸಣ್ಣ ಪಾದಗಳ ಗುರುತು. ಅವರು ಅದನ್ನು ಅಳಿಸದೆ ಸಲಿಕೆಯನ್ನು ಗೋಡೆಗೆ ಆನಿಸಿಟ್ಟರು.