ಭಾವ ಹಾಡುವ ಸಾಲು

ಬೇರೆ ಮನೆಗಳಲ್ಲಿ ಭಾವಂದಿರು ಆಸ್ತಿಗೆ ಜಗಳವಾಡುತ್ತಾರೆ. ಅದಕ್ಕೆ ಕೋರ್ಟಿದೆ, ವಕೀಲರಿದ್ದಾರೆ, ಇವತ್ತಲ್ಲ ನಾಳೆ ಒಂದು ತೀರ್ಪಾದರೂ ಬರುತ್ತದೆ. ನನ್ನ ಗಂಡ ಮತ್ತು ನನ್ನ ಅಣ್ಣ ಮಾತು ಬಿಟ್ಟದ್ದು ಫುಟ್‌ಬಾಲಿಗೆ. ಇದಕ್ಕೆ ಯಾವ ಜಡ್ಜಿನ ಹತ್ತಿರ ಹೋಗಬೇಕು ಹೇಳಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಮಾಡಿದವರು ಭಾವಂದಿರ ಜಗಳದ ಬಗ್ಗೆ ಒಂದು ಸಾಲು ಹೇಳಿ ಹೋಗಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ನಮ್ಮದು ಪುಟ್ಟ ಪ್ರಿಂಟಿಂಗ್ ಪ್ರೆಸ್. ಮೆಷಿನ್ ನನ್ನ ಗಂಡನದು, ಕತ್ತರಿಸಿ ಬೈಂಡಿಂಗ್ ಮಾಡುವುದು ನನ್ನದು. ಎರಡು ಬೀದಿ ಆಚೆ ಅಣ್ಣನ ಬೇಕರಿ. ನಮ್ಮೂರ ತಂಡ ನಮ್ಮ ಮೈದಾನದಲ್ಲಿ ಆಡುವ ದಿನ ಎರಡೂ ಅಂಗಡಿಗೆ ಬೀಗ. ಗೋಲಿನ ಹಿಂದಿನ ಗ್ಯಾಲರಿಯಲ್ಲಿ ಇವರು ಡ್ರಮ್ ಬಾರಿಸುತ್ತಾ ಹಾಡು ಎತ್ತುವವರು, ಅಣ್ಣ ಅದಕ್ಕೆ ಉತ್ತರ ಕೊಡುವವನು. ನನ್ನ ಮದುವೆ ಕುದುರಿದ್ದೇ ಆ ಗ್ಯಾಲರಿಯಲ್ಲಿ. ಜಾತಕ ನೋಡಿದವರಿಲ್ಲ, "ಹುಡುಗ ಚೆನ್ನಾಗಿ ಬಾರಿಸ್ತಾನೆ" ಅಂತ ಅಣ್ಣ ಮನೆಗೆ ಬಂದು ಹೇಳಿದ್ದಷ್ಟೇ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಾರೆ. ಆಟ ಮುಗಿದ ಮೇಲೆ ಅಣ್ಣನ ಊಟ ನಮ್ಮ ಮನೆಯಲ್ಲಿ. ಗೆದ್ದರೆ ಎರಡು ಸಲ ಬಡಿಸಬೇಕು, ಸೋತರೆ ಮೂರು ಸಲ.

ಈ ವರ್ಷ ಲೀಗಿನವರಿಗೆ ಏನು ಬುದ್ಧಿ ಬಂತೋ, ನಮ್ಮ ಮೈದಾನದಲ್ಲಿ ನಡೆಯಬೇಕಾದ ಒಂದು ಪಂದ್ಯವನ್ನು ಎತ್ತಿಕೊಂಡು ಹೋಗಿ ಹೊರದೇಶದಲ್ಲಿ ಇಟ್ಟರು. ಅಲ್ಲೂ ಜನ ಟಿವಿಯಲ್ಲಿ ನಮ್ಮ ಲೀಗ್ ನೋಡುತ್ತಾರಂತೆ, ಟಿಕೆಟ್ಟು ಚೆನ್ನಾಗಿ ಹೋಗುತ್ತದಂತೆ. ಲೆಕ್ಕಕ್ಕೆ ಅದು ಹೋಮ್ ಮ್ಯಾಚೇ. ಹೋಮ್ ಎಲ್ಲಿದೆ ಅಂದರೆ ವಿಮಾನದಲ್ಲಿ ಅರ್ಧ ದಿನ ಹಾರಿದ ಮೇಲೆ.

ಊರು ಕೆರಳಿತು. "ನಮ್ಮ ಆಟ ನಮ್ಮೂರಲ್ಲೇ" ಎಂಬ ಪೋಸ್ಟರ್ ಅಚ್ಚಾದದ್ದು ನಮ್ಮ ಪ್ರೆಸ್ಸಿನಲ್ಲೇ. ಅಂಟು ಕಲಸಿದವನು ಅಣ್ಣ, ಬೇಕರಿಯ ಮೈದಾ ಹಿಟ್ಟಲ್ಲಿ. ಪೋಸ್ಟರ್ ಇನ್ನೂ ಗೋಡೆ ಮೇಲಿದ್ದಾಗಲೇ ಕ್ಲಬ್ಬಿನ ಸೆಕ್ರೆಟರಿ ನಮ್ಮ ಬಾಗಿಲಿಗೆ ಬಂದ. ಅಲ್ಲಿನ ಜನಕ್ಕೆ ನಮ್ಮ ಹಾಡು, ಚಪ್ಪಾಳೆ ಯಾವುದೂ ಗೊತ್ತಿಲ್ಲ, ಮೈದಾನ ಬಿಕೋ ಅನ್ನಬಾರದು, ನೀವು ಒಂದು ವಾರ ಮುಂಚೆ ಹೋಗಿ ಕಲಿಸಿಕೊಡಿ, ಹೆಂಡತಿಗೂ ಟಿಕೆಟ್ ಕೊಡುತ್ತೇವೆ ಎಂದ. ಇವರು ಆ ದಿನವೆಲ್ಲ ಮೆಷಿನ್ ಮುಂದೆ ಸುಮ್ಮನೆ ನಿಂತಿದ್ದರು. ಸಂಜೆ, "ಆಟ ಹೇಗೂ ಹೋಗೇ ಹೋಗತ್ತೆ. ನಮ್ಮ ಹುಡುಗರು ಅಲ್ಲಿ ದಿಕ್ಕಿಲ್ಲದವರ ಥರ ಆಡಬೇಕಾ?" ಅಂದರು.

ಇವರು ಒಪ್ಪಿಕೊಂಡದ್ದು ಕೇಳಿ ಅಣ್ಣ ಊಟದ ನಡುವೆ ತಟ್ಟೆ ಬಿಟ್ಟು ಎದ್ದ. ಮೂಗಿನ ತುದಿಯಲ್ಲೇ ಕೋಪ ಅವನಿಗೆ. "ಭಾವ, ಪೋಸ್ಟರ್ ಅಚ್ಚು ಹಾಕಿದ ಕೈಯಲ್ಲೇ ಟಿಕೆಟ್ ತಗೊಂಡ್ರಾ? ಇನ್ಮೇಲೆ ನಿಮ್ಮ ಡ್ರಮ್ಮಿಗೂ ನನ್ನ ಬಾಯಿಗೂ ಸಂಬಂಧ ಇಲ್ಲ."

ಅವತ್ತಿನಿಂದ ಅವನು ನಮ್ಮ ಹೊಸ್ತಿಲು ತುಳಿಯಲಿಲ್ಲ. ಗ್ಯಾಲರಿಯ ಗೆಳೆಯರೆಲ್ಲ ಅವನ ಕಡೆ. ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಅತ್ತಿಗೆ ಮತ್ತು ನಾನು ಮಾತ್ರ ದಿನಾ ಫೋನ್ ಮಾಡುತ್ತಿದ್ದೆವು. ಹೆಂಗಸರೂ ಮಾತು ಬಿಟ್ಟರೆ ಎರಡು ಮನೆ ನಡೆಯುವುದು ಹೇಗೆ? ಊಟಕ್ಕೆ ಕೂತಾಗ ಇವರು ಅಣ್ಣನ ಕುರ್ಚಿಯ ಕಡೆ ನೋಡದೆ ಉಣ್ಣುವುದನ್ನು ಕಲಿತರು. ನನಗೆ ಅದು ಬರಲಿಲ್ಲ.

ಹೀಗೆ ನಾವು ಕಡಲು ದಾಟಿದೆವು. ವಿಮಾನ ಏರಿದಾಗ ನನಗೆ ಹೆದರಿಕೆಯಾಗಲಿಲ್ಲ, ಇವರು ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದರು. ಹೇಳಿದರೆ ಈಗಲೂ ಒಪ್ಪುವುದಿಲ್ಲ.

ಕಲಿಸುವ ಜಾಗ ಒಂದು ಶಾಲೆಯ ಸಭಾಂಗಣ. ಬಂದವರು ಬ್ಯಾಂಕಿನವರು, ಮೇಷ್ಟರುಗಳು, ನರ್ಸುಗಳು, ಕಾಲೇಜು ಹುಡುಗಿಯರು. ಎಲ್ಲರ ಕೊರಳಲ್ಲಿ ನಮ್ಮ ತಂಡದ ಬಣ್ಣದ ಶಾಲು, ಎಲ್ಲರ ಕೈಯಲ್ಲಿ ಪೆನ್ನು. ಅವರ ಭಾಷೆ ಬೇರೆ, ಎರಡೂ ಬಲ್ಲ ಒಬ್ಬ ಮೇಡಂ ನಡುವೆ ನಿಂತು ಹೇಳುತ್ತಿದ್ದರು. ಅಷ್ಟು ಸಭ್ಯ ಜನರನ್ನು ನಾನು ಯಾವ ಗ್ಯಾಲರಿಯಲ್ಲೂ ನೋಡಿಲ್ಲ. ಎದುರಾಳಿ ಗೋಲ್‌ಕೀಪರ್ ಚೆಂಡು ಒದೆಯುವಾಗ ಕೂಗಿ ಅಣಕಿಸಬೇಕು ಎಂದು ಇವರು ಹೇಳಿಕೊಟ್ಟರೆ, ಬಿಳಿ ಕೂದಲಿನ ನರ್ಸಮ್ಮ ಕೈ ಎತ್ತಿದರು.

"ಯಾಕೆ ಅಂತ ಕೇಳ್ತಿದ್ದಾರೆ," ಎಂದರು ಮೇಡಂ. "ಅವರು ಏನಾದರೂ ತಪ್ಪು ಮಾಡಿದ್ದಾರಾ?"

ಇವರು ತಲೆ ಕೆರೆದುಕೊಂಡರು. "ಈ ತನಕ ಏನಿಲ್ಲ," ಅಂದರು.

ಕೊನೆಗೆ ನಮ್ಮ ದೊಡ್ಡ ಹಾಡಿಗೆ ಬಂದರು. ಅದನ್ನು ಕೇಳಿದರೆ ನಮ್ಮೂರಲ್ಲಿ ಮಗು ಕೂಡ ತೊಟ್ಟಿಲಲ್ಲಿ ಕಾಲು ಝಾಡಿಸುತ್ತದೆ. ಇವರು "ಮನೇಲಿ ಯಾರಿದ್ದೀರಿ?" ಅಂತ ಕೂಗಬೇಕು. ಕೂಗಿ ಡ್ರಮ್ಮನ್ನು ಧಬಧಬ ಬಾರಿಸಬೇಕು. ಅಣ್ಣ ಮೈದಾನಕ್ಕೆ ಬೆನ್ನು ಹಾಕಿ, ಜನರ ಕಡೆ ತಿರುಗಿ, ಒಂದೇ ಉಸಿರಿಗೆ ಉದ್ದದ ಉತ್ತರ ಹೇಳಬೇಕು. ಅವನದು ಮುಗಿದ ಕೂಡಲೇ ಇಡೀ ಗ್ಯಾಲರಿ "ನಾವಿದ್ದೀವಿ!" ಎಂದು ಎದ್ದು ನಿಲ್ಲಬೇಕು.

ಇವರು ಕೂಗಿದರು. ಬಾರಿಸಿದರು. ನಿಲ್ಲಿಸಿದರು. ಎಲ್ಲರೂ ಪೆನ್ನು ಹಿಡಿದು ಕಾಯುತ್ತಿದ್ದಾರೆ. ಇವರು ಡ್ರಮ್ಮಿನ ಕೋಲು ಕಂಕುಳಿಗೆ ಸಿಕ್ಕಿಸಿಕೊಂಡರು.

ನನ್ನ ಹತ್ತಿರ ಬಂದು ಮೆಲ್ಲಗೆ, "ಲೇ, ಅಲ್ಲಿ ಭಾವ ಏನು ಹೇಳ್ತಾರೆ?" ಅಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಬೆನ್ನ ಹಿಂದೆಯೇ ಹಾಡಿದ್ದಾನೆ, ಇವರಿಗೆ ಒಂದು ಪದವೂ ಗೊತ್ತಿಲ್ಲ! ಹೊಟ್ಟೆಗೆ ಕಟ್ಟಿಕೊಂಡ ಡ್ರಮ್ಮಿನ ಸದ್ದಲ್ಲಿ ಅದು ಇವರ ಕಿವಿಗೆ ಬಿದ್ದೇ ಇಲ್ಲ. ಮುಗಿದಾಗ ಅಣ್ಣ ಇವರ ಬೆನ್ನಿಗೆ ಒಂದು ಗುದ್ದು ಹಾಕುತ್ತಿದ್ದ, ಇವರು ನಿಲ್ಲಿಸುತ್ತಿದ್ದರು, ಅಷ್ಟೆ. ಫೋನಿನಲ್ಲಿ ಹಳೇ ವಿಡಿಯೋಗಳನ್ನೆಲ್ಲ ಹುಡುಕಿದರು. ಎಲ್ಲದರಲ್ಲೂ ಇವರದೇ ಡ್ರಮ್ಮು.

ನನಗೆ ಆ ಸಾಲು ಗೊತ್ತು. ಅಣ್ಣ ಅದನ್ನು ಕಟ್ಟಿದ್ದೇ ನಮ್ಮ ತವರಿನ ಬಚ್ಚಲುಮನೆಯಲ್ಲಿ, ಹೊರಗೆ ಬಕೆಟ್ ಹಿಡಿದು ಕಾಯುತ್ತಿದ್ದವಳು ನಾನು. ಆದರೂ, "ನನಗೇನು ಗೊತ್ತು? ನಾನು ಹೆಂಗಸರ ಸಾಲಲ್ಲಿ ಕೂರೋಳು. ಅವನನ್ನೇ ಕೇಳಿ," ಅಂದೆ. ಸುಳ್ಳೇ. ಒಳ್ಳೆ ಸುಳ್ಳು, ಇನ್ನೊಮ್ಮೆ ಬೇಕಾದರೂ ಹೇಳುತ್ತೇನೆ. ಹಾಗಾದರೂ ಇಬ್ಬರೂ ಮಾತಾಡಲಿ ಅಂತ.

ಮರುದಿನ ಬೆಳಿಗ್ಗೆ ಹೋಟೆಲ್ ರೂಮಿನಲ್ಲಿ ಇವರು ಮೂರು ಸಲ ಫೋನ್ ಎತ್ತಿ ಮೂರು ಸಲ ಇಟ್ಟರು. ಕೊನೆಗೆ ಮಾಡಿದರು. ಎತ್ತಿದ್ದು ಅತ್ತಿಗೆ. "ಒಂದು ನಿಮಿಷ" ಅಂದರು. ಹಿಂದೆ ಅಣ್ಣನ ದನಿ ಸ್ಪಷ್ಟವಾಗಿ ಕೇಳಿಸಿತು. "ನಮ್ಮ ಹಾಡು ರಫ್ತಿಗಿಲ್ಲ ಅಂತ ಹೇಳು."

ಇವರು ಫೋನಿಟ್ಟು ಕಿಟಕಿ ಹತ್ತಿರ ಹೋಗಿ ನಿಂತರು. ನನ್ನ ಜಾಣತನ ನನಗೇ ತಿರುಗಿತ್ತು.

"ರೀ, ನನಗೆ ಬರತ್ತೆ ಆ ಸಾಲು. ಸುಳ್ಳು ಹೇಳಿದೆ. ಹೇಳಿಕೊಡ್ತೀನಿ ಬನ್ನಿ," ಅಂದೆ.

ಬಯ್ಯುತ್ತಾರೆ ಅಂದುಕೊಂಡಿದ್ದೆ. ತಿರುಗಿ ನೋಡದೆ, "ಬೇಡ," ಅಂದರು. "ಅವರು ಕೊಡಲ್ಲ ಅಂದ ಮೇಲೆ ಕದ್ದು ತಗೊಳ್ಳೋದು ಬೇಡ. ಅದು ಭಾವನ ಜಾಗ."

ಅವತ್ತು ಸಭಾಂಗಣದಲ್ಲಿ ಹೊಸ ಪಾಠ. "ಮನೇಲಿ ಯಾರಿದ್ದೀರಿ ಅಂತ ನಾನು ಕೂಗ್ತೀನಿ. ಕೂಗಿ ಕೈ ಎತ್ತಿ ಹಿಡೀತೀನಿ. ಆಗ ಯಾರೂ ಬಾಯಿ ಬಿಡಬಾರದು. ಡ್ರಮ್ಮೂ ಇಲ್ಲ. ಕೈ ಇಳಿಸಿದಾಗ ನಾವಿದ್ದೀವಿ ಅನ್ನಿ."

"ನಡುವೆ ಏನಿದೆ ಅಂತ ಕೇಳ್ತಿದ್ದಾರೆ," ಎಂದರು ಮೇಡಂ.

"ನಮ್ಮ ಭಾವ ಇದ್ದಾರೆ," ಅಂದರು ಇವರು.

ಮೇಡಂ ಅದನ್ನು ಅವರ ಭಾಷೆಯಲ್ಲಿ ಏನೆಂದು ಹೇಳಿದರೋ, ಬಿಳಿ ಕೂದಲಿನ ನರ್ಸಮ್ಮ ಪೆನ್ನು ಕೆಳಗಿಟ್ಟು ಮೂಗು ಒರೆಸಿಕೊಂಡರು. ಕೂಗುವುದನ್ನು ಕಲಿಯಲು ಒದ್ದಾಡಿದ ಜನ ಸುಮ್ಮನಿರುವುದನ್ನು ಒಂದೇ ಸಲಕ್ಕೆ ಕಲಿತರು. ನಮ್ಮ ಜೊತೆ ಬಂದಿದ್ದ ಸೆಕ್ರೆಟರಿ ಮಾತ್ರ ಕುಣಿದಾಡಿದ. "ಟಿವಿಯವರಿಗೆ ಸದ್ದು ಬೇಕು ಕಣ್ರೀ, ನೀವು ಮೌನ ಕಲಿಸ್ತಿದ್ದೀರಲ್ಲ!"

"ಬೇರೆಯವರನ್ನ ಕರ್ಕೊಳ್ಳಿ," ಅಂದರು ಇವರು. ಬೇರೆಯವರು ಎಲ್ಲಿದ್ದಾರೆ? ಅವನು ಇಂಗು ತಿಂದ ಮಂಗನ ಹಾಗೆ ಹೋದ.

ಪಂದ್ಯದ ಮಧ್ಯಾಹ್ನ ನಾನು ಅತ್ತಿಗೆಗೆ ಫೋನ್ ಮಾಡಿದೆ. ಅಲ್ಲಿ ಆಗಲೇ ಸಂಜೆ. ಬೇಕರಿ ತುಂಬಾ ಗ್ಯಾಲರಿಯ ಗೆಳೆಯರು, ಟಿವಿ ಹಾಕಿದ್ದಾರೆ. "ನೋಡಲ್ಲ ಅಂತ ಶಪಥ ಮಾಡಿದೋರೆಲ್ಲ ಇಲ್ಲೇ ಇದ್ದಾರೆ. ನಿಮ್ಮಣ್ಣ ಒಬ್ಬರು ಟಿವಿಗೆ ಬೆನ್ನು ಹಾಕಿ ಬ್ರೆಡ್ ಕತ್ತರಿಸ್ತಿದ್ದಾರೆ. ಗಿರಾಕಿ ಇಲ್ಲ, ಆದರೂ ಕತ್ತರಿಸ್ತಾನೇ ಇದ್ದಾರೆ," ಅಂದರು.

"ಫೋನ್ ಇಡಬೇಡಿ ಅತ್ತಿಗೆ," ಅಂದೆ.

ಆಟ ಶುರುವಾಯಿತು. ನಮ್ಮ ಜನ ಚೆನ್ನಾಗಿಯೇ ಕೂಗಿದರು. ಎದುರಾಳಿ ಕೀಪರನ್ನು ಅಣಕಿಸಿ, ಆಮೇಲೆ ಅವನು ಒಳ್ಳೆಯ ಚೆಂಡು ಹಿಡಿದಾಗ ಚಪ್ಪಾಳೆಯನ್ನೂ ತಟ್ಟಿದರು. ಇವರು ಹಣೆ ಚಚ್ಚಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಮೆಟ್ಟಿಲ ತಳದಲ್ಲಿ ನಿಂತು ಎದೆ ಬಿರಿಯುವಂತೆ ಕೂಗಿದರು. "ಮನೇಲಿ ಯಾರಿದ್ದೀರಿ?"

ಕೈ ಮೇಲೆ. ಗೋಲಿನ ಹಿಂದಿನ ಗ್ಯಾಲರಿ ಪೂರ್ತಿ ಗಪ್‌ಚುಪ್. ಆಟಗಾರರೂ ಒಮ್ಮೆ ತಿರುಗಿ ನೋಡಿದರು. ಕೈ ಇಳಿಯಿತು. "ನಾವಿದ್ದೀವಿ!"

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ. ಟಿವಿಯಲ್ಲಿ ಎಲ್ಲವೂ ತಡವಾಗಿ ಬರುತ್ತದೆ. ಇಲ್ಲಿ ಮುಗಿದು ಎಷ್ಟೋ ಹೊತ್ತಾದ ಮೇಲೆ ಬೇಕರಿಯ ಟಿವಿಯಿಂದ ನನ್ನ ಗಂಡನ ದನಿ ನನಗೇ ವಾಪಸ್ ಕೇಳಿಸಿತು. ಆಮೇಲೆ ಮೌನ. ಬೇಕರಿಯಲ್ಲಿ ಯಾರೋ, "ಏನಾಯ್ತು, ಮರೆತುಹೋಯ್ತಾ?" ಅಂದರು. ಇನ್ನೊಬ್ಬರು, "ಮರೆತಿಲ್ಲ ಕಣೋ. ಜಾಗ ಬಿಟ್ಟಿದ್ದಾರೆ," ಅಂದರು. ಬ್ರೆಡ್ ಕತ್ತರಿಸುವ ಸದ್ದು ನಿಂತಿತು.

"ತಿರುಗಿದ್ರು," ಎಂದು ಅತ್ತಿಗೆ ಪಿಸುಗುಟ್ಟಿದರು.

ಇನ್ನೊಮ್ಮೆ ಕೂಗುವ ಹೊತ್ತಿಗೆ ನಾನು ಸೀರೆ ಎತ್ತಿ ಹಿಡಿದು ಮೆಟ್ಟಿಲಿಳಿದು ಇವರ ಪಕ್ಕದಲ್ಲಿದ್ದೆ. "ಮನೇಲಿ ಯಾರಿದ್ದೀರಿ?" ಕೂಗಿದ್ದೇ ತಡ, ಫೋನನ್ನು ಇವರ ಕಿವಿಗೆ ಒತ್ತಿದೆ. "ಕೈ ಇಳಿಸಬೇಡಿ. ಅಲ್ಲಿಗೆ ತಲುಪೋದು ತಡ ಆಗತ್ತೆ. ಕಾಯಿರಿ."

ಕಾದರು. ಅಷ್ಟೂ ಜನ ಉಸಿರು ಬಿಗಿಹಿಡಿದು ಒಂದು ಕೈಯನ್ನೇ ನೋಡುತ್ತಿದ್ದರು. ಆಗ ಫೋನಿನೊಳಗಿಂದ, ಕಿವಿಗೆ ಒತ್ತಿದ್ದರೂ ನನಗೆ ಕೇಳುವಷ್ಟು ಜೋರಾಗಿ, ಅಣ್ಣ ಶುರು ಮಾಡಿದ:

"ಅಜ್ಜ ಇದ್ದಾರೆ, ಅಪ್ಪ ಇದ್ದಾರೆ, ಅಂಗಡಿ ಮುಚ್ಚಿ ಅಣ್ಣ ಬಂದ, ಅನ್ನ ಇಳಿಸಿ ಅಮ್ಮ ಬಂದ್ಲು, ಒಲೆಯ ಮೇಲಿನ ಹಾಲುಕ್ಕಿದ್ರೂ ಆಟ ಬಿಟ್ಟು ಏಳೋರಲ್ಲ!"

ಇವರು ಆ ಸಾಲನ್ನು ಜೀವಮಾನದಲ್ಲಿ ಮೊದಲ ಸಲ ಕೇಳುತ್ತಿದ್ದರು. ಕಣ್ಣಿಂದ ನೀರು ಇಳಿಯಿತು, ಎತ್ತಿದ ಕೈ ಮಾತ್ರ ಇಳಿಯಲಿಲ್ಲ, ಮರೆತೇಬಿಟ್ಟಿದ್ದರು. ನಾನೇ ಹಿಡಿದು ಕೆಳಗೆ ಎಳೆದೆ.

"ನಾವಿದ್ದೀವಿ!" ಇತ್ತ ಗ್ಯಾಲರಿ, ಅತ್ತ ಬೇಕರಿ. ಇಂಥ ಸದ್ದು ನಾನು ನಮ್ಮ ಮೈದಾನದಲ್ಲೂ ಕೇಳಿರಲಿಲ್ಲ. ಅದರ ನಡುವೆ ಯಾವನೋ ಒಂದು ಗೋಲು ಹೊಡೆದನಂತೆ. ನಮ್ಮವನೇ ಅಂತ ಆಮೇಲೆ ಗೊತ್ತಾಯಿತು.

ಗದ್ದಲ ಇಳಿದ ಮೇಲೆ ಫೋನಿನಲ್ಲಿ ಅಣ್ಣ ಕೆಮ್ಮಿದ. ಎಷ್ಟೋ ತಿಂಗಳ ಮೇಲೆ ಇವರಿಗೆ ಅವನಾಡಿದ ಮೊದಲ ಮಾತು: "ಭಾವ, ಊಟ ಆಯ್ತಾ?"

"ಇಲ್ಲ ಭಾವ," ಅಂದರು ಇವರು. ಫೋನನ್ನು ನನ್ನ ಕೈಗೆ ತುರುಕಿದರು.

"ಅಣ್ಣ, ಭಾನುವಾರ ಬಂದಿಳಿತೀವಿ. ಊಟಕ್ಕೆ ಬರ್ತೀಯಾ?"

"ಬರದೆ ಏನು? ನಿನ್ನ ಗಂಡಂಗೆ ಆ ಸಾಲು ಕಲಿಸಬೇಕಲ್ಲ. ಇಷ್ಟು ವರ್ಷ ಆದ್ರೂ ಬರಲ್ಲ ಅಂದ್ರೆ! ನಾಚಿಕೆ ಆಗಲ್ವಾ?"

ಇವರು ಆಗಲೇ ಡ್ರಮ್ಮು ಹೊಟ್ಟೆಗೆ ಏರಿಸಿಕೊಂಡು, ಆ ಸಭ್ಯ ಜನರ ಮೇಲೆ ಕೈ ಬೀಸಿ ಕೂಗುತ್ತಿದ್ದರು. ಮುಖ ಒರೆಸಿಕೊಳ್ಳಲು ಅವರಿಗೆ ನೆನಪಾಗಿರಲಿಲ್ಲ.

"ಕಲಿಸಬೇಡ ಅಣ್ಣ," ಅಂದೆ. "ಅವರಿಗೆ ಅದು ಬರದೇ ಇರಲಿ. ನೀನೇ ಹೇಳು."