ಯಾರಿಗೂ ಹೇಳಬೇಡಿ

ಪರ್ಸ್ ಹೋದದ್ದು ಬಸ್ಸಿನಲ್ಲಿ. ಇಳಿದು ಚೀಲಕ್ಕೆ ಕೈ ಹಾಕಿದರೆ, ಇಲ್ಲ. ಕಾಸು ಹಾಳಾಗಿ ಹೋಗಲಿ. ಅದರಲ್ಲಿ ಬ್ಯಾಂಕಿನ ಕಾರ್ಡಿತ್ತು, ಗುರುತಿನ ಚೀಟಿಯಿತ್ತು, ಸಾಲದ್ದಕ್ಕೆ ನನ್ನವೇ ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ. ಸ್ಟುಡಿಯೋದಲ್ಲಿ ದಿನವಿಡೀ 'ಗದ್ದ ಮೇಲೆ, ನಗಬೇಡಿ' ಎಂದು ಊರವರನ್ನೆಲ್ಲ ಗದರಿಸಿ ಫೋಟೋ ತೆಗೆಯುವವಳು ನಾನು. ಕಳ್ಳ ನಾನಾಗುವುದಕ್ಕೆ ಬೇಕಾದ್ದೆಲ್ಲ ನಾನೇ ಜೋಡಿಸಿ ಕೊಟ್ಟ ಹಾಗಾಯಿತು. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಟ್ಟು ಬ್ಯಾಂಕಿಗೆ ಓಡಿದೆ. ಕೌಂಟರಿನಾಕೆ ಎರಡೇ ನಿಮಿಷದಲ್ಲಿ ಕಾರ್ಡ್ ಬಂದ್ ಮಾಡಿದಳು. ಆಮೇಲೆ ನಾನು ಅರ್ಜಿಯಲ್ಲಿ ಬರೆದ ನಂಬರನ್ನು ಕಂಪ್ಯೂಟರಿನಲ್ಲಿ ತಾಳೆ ನೋಡುತ್ತ ಹುಬ್ಬು ಗಂಟಿಕ್ಕಿದಳು.

"ಮೇಡಂ, ಖಾತೆಗಿರೋ ಫೋನ್ ನಂಬರ್ ನಿಮ್ದಲ್ವಲ್ಲ?"

"ನಮ್ಮಣ್ಣಂದು. ಖಾತೆ ತೆಗೆದಾಗ ನನ್ನ ಹತ್ರ ಫೋನಿರಲಿಲ್ಲ."

"ಅಯ್ಯೋ, ಇವತ್ತೇ ಬದಲಾಯಿಸಿಬಿಡಿ. ಯಾರಾದ್ರೂ ನಿಮ್ಮ ಚೀಟಿ ತೋರಿಸಿ ಖಾತೆಗೆ ಕೈ ಹಾಕಿದ್ರೆ ನಿಮಗೆ ಗೊತ್ತೇ ಆಗಲ್ಲ. ಹಳೇ ನಂಬರಿಗೆ ಓಟಿಪಿ ಕಳಿಸ್ತೀನಿ, ಅವರನ್ನ ಕೇಳಿ ಹೇಳಿ. ಹತ್ತು ನಿಮಿಷ ಟೈಮಿದೆ."

ಕೇಳಿ ಹೇಳಬೇಕಂತೆ! ಅಣ್ಣನ ಜೊತೆ ಮಾತು ಬಿಟ್ಟು ಆರು ವರ್ಷ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಲು ನೀನೇ ತಡ ಮಾಡಿದೆ ಎಂದು, ಅಮ್ಮ ಹೋದ ದಿನ ನೆಂಟರೆದುರಿಗೇ ಅವನಿಗೆ ಬಾಯಿಗೆ ಬಂದದ್ದೆಲ್ಲ ಅಂದಿದ್ದೆ. ತಪ್ಪು ಅವನದಲ್ಲ ಎಂದು ಮರುವಾರವೇ ಗೊತ್ತಾಗಿತ್ತು. ಹೇಳಲು ನಾಲಿಗೆ ಹೊರಳಲಿಲ್ಲ. ಜಂಭ, ಇನ್ನೇನು.

ನಂಬರ್ ಮಾತ್ರ ಬಾಯಿಪಾಠವಿತ್ತು. ಒತ್ತಿದೆ.

"ಯಾರು?"

"ನಾನು ಕಣೋ, ನಿನ್ನ ತಂಗಿ. ಪರ್ಸ್ ಕಳ್ಕೊಂಡೆ. ನಿನ್ನ ಫೋನಿಗೆ ಈಗೊಂದು ಓಟಿಪಿ ಬಂದಿರುತ್ತೆ, ಹೇಳು."

"ನಡೀರಿ, ನಡೀರಿ. ಇಂಥ ಫೋನು ದಿನಕ್ಕೆರಡು ಬರುತ್ತೆ. ಯಾರಿಗೂ ಹೇಳಬೇಡಿ ಅಂತ ಇದರಲ್ಲೇ ಬರೆದಿದೆ."

"ನಾನು ನಿಂಗೆ ಯಾರೋ ಆಗಿಬಿಟ್ನಾ?"

"ನನ್ನ ತಂಗಿ ನಂಗೆ ಫೋನ್ ಮಾಡಲ್ಲ ಕಣ್ರೀ." ಇವತ್ತು ಅಂಗಡಿ ರಜಾ ಅನ್ನುವಷ್ಟು ಸಾದಾ ಆಗಿ ಹೇಳಿದ.

"ಅಣ್ಣಾ, ಫೋನಿಡಬೇಡ. ಏನು ಬೇಕಾದ್ರೂ ಕೇಳು."

"ಹೋದ ತಿಂಗಳು ಹನ್ನೆರಡನೇ ತಾರೀಕು ನನ್ನ ತಂಗಿ ಎಲ್ಲಿಗೆ ಹೋಗಿದ್ಲು?"

ನಾನು ತಬ್ಬಿಬ್ಬಾದೆ. ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳಲು ಯಾರಿದ್ದರು? "ಕಣ್ಣಾಸ್ಪತ್ರೆಗೆ," ಎಂದೆ.

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. "ಕಣ್ಣಿಗೇನಾಯ್ತೇ?"

"ಪೊರೆ ಬರ್ತಿದೆಯಂತೆ. ನಿಂಗೆ ಹೇಗೆ ಗೊತ್ತು?"

"ನೀನು ಕಾರ್ಡ್ ಉಜ್ಜಿದಾಗಲೆಲ್ಲ ಮೆಸೇಜು ನಂಗೇ ತಾನೆ ಬರೋದು? ಹಾಲಿನ ಅಂಗಡಿ, ಔಷಧಿ ಅಂಗಡಿ. ಭಾನುವಾರ ಸಿನಿಮಾ, ದುಡ್ಡು ನೋಡಿದ್ರೆ ಒಂದೇ ಟಿಕೆಟ್ಟು. ಮೊನ್ನೆ ನಾಕು ದಿನ ಏನೂ ಬರಲಿಲ್ಲ. ಜೀವ ಹಾರಿಹೋಯ್ತು ನಂಗೆ. ಬಸ್ ಹತ್ತಿ ನಿನ್ನ ಸ್ಟುಡಿಯೋ ತನಕ ಬಂದೆ. ಗಾಜಿನೊಳಗೆ ನೀನು ಯಾರಿಗೋ ಬೈತಾ ನಿಂತಿದ್ದೆ. ಸದ್ಯ, ಚೆನ್ನಾಗಿದ್ದಾಳೆ ಅಂದ್ಕೊಂಡು ವಾಪಸ್ ಹೋದೆ."

"ಒಳಗೆ ಬರೋಕೇನಾಗಿತ್ತೋ ನಿಂಗೆ!"

"ಬೈಸ್ಕೊಳ್ಳೋಕಾ?"

ನಗು ಬಂತು, ಅದರ ಹಿಂದೆಯೇ ಅಳು. ಸಾಲಿನಲ್ಲಿ ನಿಂತವರು ನೋಡಿದರೆ ನೋಡಲಿ ಎಂದು ಸೆರಗಿನಿಂದ ಮೂಗು ಒರೆಸಿಕೊಂಡೆ. ಕೌಂಟರಿನಾಕೆ ಗಡಿಯಾರ ತೋರಿಸಿದಳು. ಇನ್ನೆರಡೇ ನಿಮಿಷವಿತ್ತು.

"ಬರ್ಕೋ," ಎಂದ ಅಣ್ಣ. "ನಾಕು, ಒಂದು, ಒಂಬತ್ತು, ಸೊನ್ನೆ, ಎರಡು." ಅಲ್ಲಿಗೆ ನಿಲ್ಲಿಸಿದ.

"ಇನ್ನೊಂದು?"

"ಇದು ಹೇಳಿದ್ಮೇಲೆ ಮೆಸೇಜೆಲ್ಲ ನಿಂಗೇ ಬರುತ್ತೆ, ಅಲ್ವೇನೇ?"

"ಹೂಂ."

"ನಂಗೆ ಬರಲ್ಲ."

ಇನ್ಮೇಲೆ ನಾನೇ ಫೋನ್ ಮಾಡ್ತೀನಿ ಕಣೋ. ಇಷ್ಟೇ ಹೇಳಬೇಕಿತ್ತು. ತುಟಿಯ ತನಕ ಬಂತು. ಆರು ವರ್ಷ ಬಿಗಿಹಿಡಿದ ಬಾಯಿ, ಹಾಳಾದ್ದು, ಆಗಲೂ ಬಿಡಲಿಲ್ಲ. ಅವನು ಕಾದ. ಕಾಯುತ್ತಿದ್ದಾನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಎಂಟು," ಎಂದು ಹೇಳಿ ಅವನು ಫೋನಿಟ್ಟ.

ಕೌಂಟರಿನಾಕೆ ಅಂಕಿಗಳನ್ನು ಒತ್ತಿದಳು. ನನ್ನ ಕೈಯಲ್ಲಿದ್ದ ಫೋನು ಟಿಣ್ ಎಂದಿತು.

"ಆಯ್ತು ಮೇಡಂ, ಇನ್ನು ಚಿಂತೆ ಬಿಡಿ," ಎಂದು ಆಕೆ ನಕ್ಕಳು. "ನೀವು ಎಲ್ಲಿಗೆ ಹೋದ್ರಿ, ಏನು ತಗೊಂಡ್ರಿ, ಇನ್ಮೇಲೆ ಬೇರೆ ಒಬ್ಬರಿಗೂ ಗೊತ್ತಾಗಲ್ಲ."