ಅಕ್ಕನ ಖಾತೆ, ನನ್ನ ದನಿ

ಬ್ಯಾಂಕಿನಿಂದ ಕರೆ ಬಂದರೆ ನಮ್ಮ ಮನೆಯಲ್ಲಿ ಫೋನ್ ಎತ್ತುತ್ತಿದ್ದವನು ನಾನು. ಫೋನ್ ಅಕ್ಕನದು. ಖಾತೆ ಅಕ್ಕನದು. ದುಡಿದದ್ದೂ ಅಕ್ಕ. ದನಿ ಮಾತ್ರ ನನ್ನದು.

ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ಮನೆಯಲ್ಲಿ ನಮ್ಮ ಮಾತೆಲ್ಲ ಕೈಸನ್ನೆಯಲ್ಲಿ. ಇಲ್ಲಿ ಅವಳು ‘ಹೇಳಿದಳು’ ಎಂದು ಬರೆದಲ್ಲೆಲ್ಲ ಕೈಯಲ್ಲಿ ಹೇಳಿದಳು ಎಂದು ಓದಿಕೊಳ್ಳಿ. ಅವಳು ಪುಸ್ತಕಕ್ಕೆ ರಟ್ಟು ಹಾಕುವವಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಅಂಗಡಿ ಇದೆ. ಮುಂದಿನ ಕೋಣೆಯಲ್ಲಿ ಹೊಲಿಗೆ, ಹಿಂದಿನ ಕೋಣೆಯಲ್ಲಿ ಅಂಟು, ರಟ್ಟು, ಬಟ್ಟೆ. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಅವಳ ಕೈಕೆಳಗೆ ಸೇರಿದವನು. ಅಂಗಡಿಯೂ ಅವಳದು, ಬೈಗುಳವೂ ಅವಳದು.

ಎರಡು ವರ್ಷದ ಹಿಂದೆ, ಬ್ಯಾಂಕುಗಳ ಮೇಲೆ ಕಣ್ಣಿಡುವ ಪ್ರಾಧಿಕಾರ ಹೊಸ ನಿಯಮ ತಂದಿತು. ದೊಡ್ಡ ಮೊತ್ತ ಯಾರಿಗಾದರೂ ಕಳಿಸಬೇಕೆಂದರೆ ಬ್ಯಾಂಕು ಖಾತೆದಾರರಿಗೆ ಕರೆ ಮಾಡಬೇಕು. ಖಾತೆದಾರರು ತಮ್ಮದೇ ದನಿಯಲ್ಲಿ ಹೆಸರು, ಹುಟ್ಟಿದ ದಿನ ಹೇಳಿ, “ನನ್ನ ಒಪ್ಪಿಗೆ ಇದೆ” ಎನ್ನಬೇಕು. ಕೌಂಟರಿನ ಮುಂದೆಯೇ ನಿಂತಿದ್ದರೂ ಕರೆ ಬರುತ್ತದೆ. ಮೋಸ ತಡೆಯಲೆಂದು ಮಾಡಿದ್ದು. ಸುಳ್ಳೇಕೆ ಹೇಳಲಿ, ಪಕ್ಕದ ಮನೆಯ ಅಜ್ಜನ ಖಾತೆ ಬೋಳಿಸಲು ಹೊರಟವನೊಬ್ಬ ಆ ಕರೆಯಿಂದಲೇ ಸಿಕ್ಕಿಬಿದ್ದ.

ಆದರೆ ದನಿಯೇ ಇಲ್ಲದವರು ಏನು ಮಾಡಬೇಕು? ಅದನ್ನು ನಿಯಮದಲ್ಲಿ ಯಾರೂ ಬರೆದಿರಲಿಲ್ಲ.

ಹಾಗಾಗಿ ನಾನು ಗಂಟಲು ಸಣ್ಣ ಮಾಡಿಕೊಂಡು ಅಕ್ಕನಾದೆ. ಒಂದಲ್ಲ, ಮೂರು ಸಲ. ಎರಡನೇ ಸಲ ಆ ಕಡೆಯ ಹುಡುಗಿ, “ನೆಗಡಿ ಆಗಿದೆಯಾ ಮೇಡಂ? ಬಿಸಿನೀರು ಕುಡೀರಿ” ಎಂದಳು. “ಕುಡೀತೀನಮ್ಮ” ಎಂದೆ. ಅಮ್ಮ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ನಾಲ್ಕನೇ ಸಲ ಯಾರೂ ನಗಲಿಲ್ಲ. ಅಕ್ಕ ಕಾಗದ ಕತ್ತರಿಸುವ ಹಳೆಯ ಯಂತ್ರವೊಂದನ್ನು ಕೊಳ್ಳಲು ಹೊರಟಿದ್ದಳು. ಕರೆ ಬಂತು, ನಾನು ಅಕ್ಕನಾದೆ, ಮರುದಿನ ಅವಳ ಖಾತೆಗೆ ಬೀಗ ಬಿತ್ತು. ಯಂತ್ರ ಬೇರೆ ಯಾರದೋ ಪಾಲಾಯಿತು.

ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಕೆಟ್ಟವರಲ್ಲ. ಗಾಜಿನ ಕೋಣೆಯೊಳಗೆ ಕರೆದು ಕೂರಿಸಿದರು. ಆದರೆ ಮಾತಾಡಿದ್ದೆಲ್ಲ ನನ್ನ ಮುಖ ನೋಡಿ.

“ಇವರ ಹೆಸರಲ್ಲಿ ಬೇರೆಯವರು ಮಾತಾಡಿದ್ದಾರೆ ಅಂತ ಕಂಪ್ಯೂಟರ್ ಹೇಳ್ತಿದೆ.”

“ನಾನೇ ಸಾರ್ ಮಾತಾಡಿದ್ದು. ಅವಳಿಗೆ ಬರಲ್ಲ.”

“ಅದನ್ನ ಹೀಗೆ ಜೋರಾಗಿ ಹೇಳ್ಬೇಡಪ್ಪ. ಅದು ಅಪರಾಧ ಆಗುತ್ತೆ.” ಅವರು ಖಾನೆಯಿಂದ ಒಂದು ಅರ್ಜಿ ತೆಗೆದರು. “ಇದಕ್ಕೆ ಅವರ ಕೈಲಿ ಸಹಿ ಹಾಕ್ಸು. ನೀನು ಇವರ ಪಾಲಕ ಆಗ್ತೀಯ. ಆಮೇಲೆ ಖಾತೆ ಎಲ್ಲ ನೀನೇ ನೋಡ್ಕೊಬಹುದು. ಸುಲಭ.”

ಅಕ್ಕ ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಮೂರನೇ ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು. ‘ಸ್ವಂತ ವ್ಯವಹಾರ ನೋಡಿಕೊಳ್ಳಲು ಅಸಮರ್ಥಳಾಗಿರುವುದರಿಂದ’ ಎಂದಿತ್ತು.

ಮೂವತ್ತಾರು ವರ್ಷದ ಹೆಂಗಸು. ಸ್ವಂತ ಅಂಗಡಿ ಇಟ್ಟವಳು. ನಮ್ಮ ಮನೆಯ ಬಾಡಿಗೆ ಕಟ್ಟುವವಳು.

ನನಗೆ ತಲೆ ಕೆಟ್ಟುಹೋಯಿತು. ಏನೇನು ಕೂಗಿದೆನೋ ನೆನಪಿಲ್ಲ. ಕಾವಲುಗಾರ ತೋಳು ಹಿಡಿದ. “ನಿಯಮ ನಾನು ಮಾಡಿದ್ದಲ್ಲಪ್ಪ,” ಎಂದು ಮ್ಯಾನೇಜರ್ ಹೇಳುತ್ತಲೇ ಇದ್ದರು. ಅದು ನಿಜವೂ ಆಗಿತ್ತು. ನಾನು ಕೂಗುತ್ತಿದ್ದದ್ದು ನಿಯಮ ಮಾಡಿದವರ ಮೇಲೆ, ಕೇಳಿಸಿಕೊಳ್ಳುತ್ತಿದ್ದವರು ಪಾಪದ ಇವರು.

ಮನೆಯಲ್ಲಿ ಅಮ್ಮನದು ಬೇರೆ ರಾಗ. “ಹಾಕಿಬಿಡ್ಲಿ ಸಹಿ. ತಮ್ಮ ತಾನೆ, ಹೊರಗಿನವನಾ?”

ಅಕ್ಕ ನನ್ನ ಕಡೆ ಕೈ ಮಾಡಿದಳು. “ಇವನು ತನ್ನ ಚಪ್ಪಲಿ ಎಲ್ಲಿ ಬಿಟ್ಟೆ ಅಂತ ನನ್ನನ್ನ ಕೇಳ್ತಾನೆ. ಇವನು ನನ್ನ ಪಾಲಕ.”

“ತಮಾಷೆ ಬೇಡ. ಖಾತೆ ತೆರೀಬೇಕಾ ಬೇಡ್ವಾ?”

“ತೆರೀಬೇಕು. ನನ್ನ ಹೆಸರಲ್ಲೇ, ನನ್ನ ಕೈಯಲ್ಲೇ.”

“ಬ್ಯಾಂಕಿನ ಗಾಜು ಒಡೀತೀನಿ,” ಎಂದೆ ನಾನು.

“ಒಡಿ. ಗಾಜಿನವನಿಗೆ ಕೆಲಸ ಸಿಗುತ್ತೆ,” ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಅವಳು ನನ್ನ ಮುಂದೆ ಒಂದು ದಪ್ಪ ಪುಸ್ತಕ ತಂದು ಹಾಕಿದಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಗರದ ದೊಡ್ಡ ಗ್ರಂಥಾಲಯದವರು ವರ್ಷಕ್ಕೊಮ್ಮೆ ಸಂಸತ್ತಿನ ಸಮಿತಿಗಳ ವರದಿಗಳನ್ನು ಬಿಡಿಬಿಡಿಯಾಗಿ ನಮಗೆ ಕೊಡುತ್ತಾರೆ. ನಾವು ಅವನ್ನು ಒಟ್ಟಿಗೆ ಹೊಲಿದು ರಟ್ಟು ಹಾಕಿ ಕೊಡುತ್ತೇವೆ. ಆರು ವರ್ಷದಿಂದ ಅವುಗಳ ಬೆನ್ನಿಗೆ ಸೂಜಿ ಚುಚ್ಚಿದ್ದೇನೆ. ಒಂದು ಸಾಲು ಓದಿಲ್ಲ. ಆದರೆ ಹೊಲಿಯುವ ಮೊದಲು ಪುಟಗಳ ಸರದಿ ಸರಿಯಿದೆಯೇ ಎಂದು ಒಂದೊಂದಾಗಿ ನೋಡುವ ಕೆಲಸ ಅಕ್ಕನದು. ಅವಳು ನೋಡುವುದಿಲ್ಲ, ಓದುತ್ತಾಳೆ. ಅದಕ್ಕೇ ಕೆಲಸ ತಡವಾಗುತ್ತದೆಂದು ನಾನು ಯಾವಾಗಲೂ ಗೊಣಗುತ್ತಿದ್ದೆ.

“ಇಲ್ಲಿಂದ ಓದು,” ಎಂದು ಬೆರಳಿಟ್ಟಳು.

ಓದಿದೆ. ನನ್ನ ಓದು ನಿಧಾನ. ಅದು ಹಣಕಾಸು ಸಮಿತಿಯ ಸಭೆಯಲ್ಲಿ ನಡೆದ ಮಾತುಕತೆ. ಒಂದು ಕಡೆ ಸಂಸತ್ತಿನ ಸದಸ್ಯರು, ಇನ್ನೊಂದು ಕಡೆ ಆ ಪ್ರಾಧಿಕಾರದ ಮುಖ್ಯಸ್ಥರು. ಸದಸ್ಯರೊಬ್ಬರು ಕೇಳಿದ್ದರು: “ಜನರಿಂದ ಬಂದ ಪತ್ರಗಳಲ್ಲಿ ನಲವತ್ತೊಂದನೆಯದನ್ನು ಬರೆದವರು ಮೊಟ್ಟೆ ಮಾರುವ ಹೆಂಗಸು. ಸಾಲದ ಕರಾರಿನ ಅಕ್ಷರ ಇರುವೆಗಿಂತ ಚಿಕ್ಕದಿದೆ, ಯಾರು ಓದಬೇಕು ಎಂದು ಕೇಳಿದ್ದಾರೆ. ನಿಮ್ಮ ಉತ್ತರವೇನು?” ಮುಖ್ಯಸ್ಥರು ಅರ್ಧ ಪುಟ ಏನೇನೋ ಹೇಳಿದ್ದರು. ಕೆಳಗೆ ಸದಸ್ಯರ ಮಾತು: “ನಾನು ಕೇಳಿದ್ದು ಅದಲ್ಲ. ಅಕ್ಷರ ದೊಡ್ಡದು ಮಾಡುತ್ತೀರೋ ಇಲ್ಲವೋ?”

ಇನ್ನೊಮ್ಮೆ ಓದಿದೆ. ಮೊಟ್ಟೆ ಮಾರುವವಳು ಕೇಳಿದ್ದಕ್ಕೆ ಅಷ್ಟು ದೊಡ್ಡ ಮನುಷ್ಯ ಕುರ್ಚಿಯಲ್ಲಿ ಕೂತು ಉತ್ತರ ಕೊಡಬೇಕಾಯಿತೇ?

“ಎಲ್ಲ ನಾಟಕ,” ಎಂದೆ.

“ನಾಟಕ ಅಂತಾನೆ ಇಟ್ಕೊ. ನಿನ್ನ ಗಾಜು ಒಡೆಯೋ ನಾಟಕಕ್ಕಿಂತ ಇದು ಒಳ್ಳೇದು.”

ಆ ವಾರ ಗ್ರಂಥಾಲಯದ ಮೇಡಂ ಪುಸ್ತಕ ತೆಗೆದುಕೊಳ್ಳಲು ಬಂದರು. ಕೂದಲು ಪೂರ್ತಿ ನರೆತ, ಎದುರಿಗಿದ್ದವರನ್ನು ಶಾಲೆಯ ಮಕ್ಕಳಂತೆ ನೋಡುವ ಹೆಂಗಸು. ನಾನು ಅವರ ಮೇಲೂ ಹರಿಹಾಯ್ದೆ.

“ಮೇಡಂ, ನಾವು ಓಟು ಹಾಕಿ ಕಳಿಸಿದವರು ಈ ನಿಯಮಕ್ಕೆ ಕೈ ಎತ್ತಿದ್ರಾ?”

“ಇಲ್ಲ. ಇಂಥ ನಿಯಮ ಕಚೇರೀಲೇ ಆಗುತ್ತೆ. ಸಂಸತ್ತು ಕಾನೂನು ಮಾಡಿ ಅಧಿಕಾರ ಕೊಟ್ಟಿರುತ್ತೆ, ವಿವರ ಅವರು ಬರೀತಾರೆ.”

“ಮತ್ತೆ ಕೇಳೋರು ಯಾರು?”

“ಅದಕ್ಕೇ ಸಮಿತಿ ಇರೋದು. ಸಂಸತ್ತು ಅಂದ್ರೆ ಟೀವೀಲಿ ಕೂಗಾಡೋದಷ್ಟೇ ಅಂದ್ಕೊಂಡಿದೀಯ. ಈ ಸಮಿತೀಲಿ ಎಲ್ಲ ಪಕ್ಷದವರೂ ಇರ್ತಾರೆ. ಸರ್ಕಾರದ ಹಣಕಾಸು ನೀತಿ, ಬ್ಯಾಂಕಿನ ನಿಯಮ, ಯಾವುದನ್ನ ಬೇಕಾದ್ರೂ ಕೈಗೆತ್ತಿಕೊಂಡು, ಮಾಡಿದವರನ್ನ ಕರೆಸಿ ಯಾಕೆ ಅಂತ ಕೇಳ್ತಾರೆ. ವರದಿ ಬರೀತಾರೆ. ಸರ್ಕಾರ ಅದಕ್ಕೆ ಲಿಖಿತ ಉತ್ತರ ಕೊಡ್ಲೇಬೇಕು.”

“ನಮ್ಮ ಖಾತೆ ತೆರೆಸ್ತಾರಾ?”

“ಇಲ್ಲ,” ಎಂದರು, ಮುಲಾಜಿಲ್ಲದೆ. “ಅದು ಕೋರ್ಟಲ್ಲ. ಒಬ್ಬೊಬ್ಬರ ದೂರು ಬಗೆಹರಿಸಲ್ಲ. ಬ್ಯಾಂಕಿಗೆ ದೂರು ಬೇರೆ ಕೊಡ್ಬೇಕು, ಕೊಡಿ. ಸಮಿತಿ ಕೇಳೋದು ನಿಯಮ ಯಾಕೆ ಹೀಗಿದೆ ಅಂತ. ಈ ಕರೆ ನಿಯಮದ ಬಗ್ಗೇನೇ ಈಗ ಜನರ ಅಭಿಪ್ರಾಯ ಕೇಳಿದಾರೆ. ಪೇಪರಿನ ಮೂಲೇಲಿ ಬಂದಿತ್ತು. ಇನ್ನು ಹನ್ನೊಂದು ದಿನ ಇದೆ.”

ಅವತ್ತೇ ಬರೆಯಲು ಕೂತೆ. ನಾಲ್ಕು ಪುಟ ಬರೆದೆ. ಅಕ್ಕ ಕೆಂಪು ಪೆನ್ಸಿಲ್ ಹಿಡಿದು ಬೈಗುಳವನ್ನೆಲ್ಲ ಹೊಡೆದುಹಾಕಿದಳು. ಉಳಿದದ್ದು ಹನ್ನೆರಡು ಸಾಲು.

“ಇಷ್ಟೇನಾ?”

“ಇಷ್ಟೇ ನಡೆದಿದ್ದು. ಮಿಕ್ಕಿದ್ದು ನಿನ್ನ ಹೊಟ್ಟೆಯುರಿ.”

ಆಮೇಲೆ ಅವಳೇ ಒಂದು ಸಾಲು ಸೇರಿಸಿದಳು. ‘ಮೂರು ಸಲ ನನ್ನ ತಮ್ಮ ನನ್ನಂತೆ ಮಾತಾಡಿದ. ನಾಲ್ಕನೇ ಸಲ ಸಿಕ್ಕಿಬಿದ್ದ.’

“ಇದನ್ನ ತೆಗಿ. ನನ್ನನ್ನ ಒಳಗೆ ಹಾಕ್ತಾರೆ.”

ಅಮ್ಮನೂ ಮಧ್ಯೆ ಬಂದಳು. “ಹೌದು ತೆಗಿ. ಊರಿಗೆಲ್ಲ ಯಾಕೆ ಸಾರಬೇಕು?”

ಅಕ್ಕ ಬಹಳ ಹೊತ್ತು ಕೈ ಕಟ್ಟಿ ಕೂತಿದ್ದಳು. ಅವಳು ಕೈ ಕಟ್ಟಿದರೆ ನಮ್ಮ ಮನೆಯಲ್ಲಿ ಅದು ಮೌನ. ಆಮೇಲೆ ನಿಧಾನವಾಗಿ ಹೇಳಿದಳು: “ಮೋಸ ತಡೆಯೋಕೆ ನಿಯಮ ಮಾಡಿದ್ರು. ಮೂವತ್ತಾರು ವರ್ಷ ಯಾರಿಗೂ ಮೋಸ ಮಾಡದ ನನ್ನ ಮನೇಲಿ ಅದು ಮೋಸ ಮಾಡಿಸ್ತು. ಇಡೀ ಪತ್ರದಲ್ಲಿ ಇರೋ ವಿಷಯ ಅದೊಂದೇ. ಅದನ್ನ ತೆಗೆದ್ರೆ ಖಾಲಿ ಹಾಳೆ ಕಳಿಸಿದ ಹಾಗೆ.”

ಮೇಡಂ ಹತ್ತಿರ ಓಡಿದೆ. ಸಮಿತಿಗೆ ಕಳಿಸಿದ್ದು ಅಚ್ಚಾಗಬಹುದು, ಹೆಸರು ಹಾಕಬೇಡಿ ಎಂದು ಕೇಳಿಕೊಳ್ಳುವ ಅವಕಾಶ ಇದೆ ಎಂದರು. “ಶಿಕ್ಷೆ ಆಗಲ್ಲ ಅಂತ ಮಾತು ಕೊಡೋಕೆ ನಾನ್ಯಾರು? ಒಬ್ಬ ವಕೀಲರನ್ನ ಕೇಳು,” ಎಂದರು. ಉಚಿತ ಕಾನೂನು ನೆರವಿನ ವಕೀಲರು ಓದಿ ನೋಡಿ, “ಬಚ್ಚಿಟ್ಟರೆ ಅನುಮಾನ, ಹೇಳಿದರೆ ನಿಯಮದ ವಿರುದ್ಧ ಸಾಕ್ಷಿ. ಕಳಿಸಿ” ಎಂದರು. ಕೊನೆಯಲ್ಲಿ ಅಕ್ಕ ತನಗೇನು ಬೇಕೆಂದು ಬರೆದಳು: ಕರೆಯ ಬದಲು ಬರಹದ ಸಂದೇಶ, ಇಲ್ಲವೇ ಕೌಂಟರಿನಲ್ಲಿ ಗುರುತಿನ ಚೀಟಿ ತೋರಿಸಿ ಸಹಿ. ಹೆಸರು ಅಚ್ಚಾಗಲಿ ಎಂದೇ ಬರೆದಳು. ತಾನೇ ಹೋಗಿ ಅಂಚೆಗೆ ಹಾಕಿದಳು.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಬ್ಯಾಂಕಿಗೆ ಕೊಟ್ಟ ದೂರಿಗೆ, ‘ನಿಯಮದಂತೆ ಕ್ರಮ ಕೈಗೊಳ್ಳಲಾಗಿದೆ’ ಎಂಬ ಒಂದು ಸಾಲು ಬಂತು. ಅಕ್ಕ ಕೂಲಿಯನ್ನೆಲ್ಲ ನಗದಾಗಿ ತಗೊಂಡು ಅಂಟಿನ ಡಬ್ಬದ ಪಕ್ಕ ಇಟ್ಟುಕೊಂಡು ದಿನ ದೂಡಿದಳು. ಅಮ್ಮ ದಿನಕ್ಕೊಮ್ಮೆ ಪಾಲಕನ ಅರ್ಜಿ ನೆನಪಿಸುತ್ತಿದ್ದಳು. ನಿಜ ಹೇಳಬೇಕೆಂದರೆ, ಒಂದೆರಡು ಸಲ ನಾನೂ ನೆನಪಿಸಿದೆ. ಅಕ್ಕ ಜಗ್ಗಲಿಲ್ಲ.

ಒಂದು ಮಧ್ಯಾಹ್ನ ಮೇಡಂ ಫೋನ್ ಮಾಡಿ, ಸಮಿತಿಯ ಸಭೆ ನೇರ ಪ್ರಸಾರ ಆಗುತ್ತಿದೆ, ನೋಡಿ ಎಂದರು. ಅಮ್ಮನನ್ನೂ ಅಂಗಡಿಗೆ ಕರೆಸಿದೆವು. ಫೋನನ್ನು ರಟ್ಟಿನ ರಾಶಿಗೆ ಒರಗಿಸಿಟ್ಟೆವು. ಅಲ್ಲಿ ಆಡಿದ್ದನ್ನೆಲ್ಲ ನಾನು ಕೈಯಲ್ಲಿ ಅಕ್ಕನಿಗೆ ಹೇಳುತ್ತಾ ಹೋದೆ. ಬಡ್ಡಿ ದರ, ಬೆಲೆ ಏರಿಕೆ, ಒಂದೂವರೆ ಗಂಟೆ. ನನ್ನ ಬೆರಳು ಸೋತವು. ಆಮೇಲೆ ಕನ್ನಡಕದ ಸದಸ್ಯೆಯೊಬ್ಬರು ಹಾಳೆ ಎತ್ತಿಕೊಂಡರು.

“ಕರೆ ನಿಯಮ ಮಾಡುವಾಗ, ಮಾತು ಬಾರದ ಖಾತೆದಾರರು ಎಷ್ಟಿದ್ದಾರೆ ಅಂತ ಲೆಕ್ಕ ಹಾಕಿದ್ದಿರಾ?”

ಪ್ರಾಧಿಕಾರದ ಮುಖ್ಯಸ್ಥರು ಪಕ್ಕದವರ ಮುಖ ನೋಡಿದರು. “ಆ ಮಾಹಿತಿ ಸದ್ಯಕ್ಕೆ ನಮ್ಮ ಬಳಿ ಇಲ್ಲ.”

“ನನ್ನ ಬಳಿ ಒಬ್ಬರಿದ್ದಾರೆ. ಪುಸ್ತಕಕ್ಕೆ ರಟ್ಟು ಹಾಕುವವರು. ಓದುತ್ತೇನೆ.”

ಓದಿದರು. ಹನ್ನೆರಡು ಸಾಲು, ಮತ್ತೆ ಆ ಸಾಲು. ಅಕ್ಕ ನನ್ನ ಕೈ ನೋಡುತ್ತಿದ್ದಳು, ತನ್ನದೇ ಮಾತು ನನ್ನ ಬೆರಳಿನಿಂದ ತನಗೇ ವಾಪಸು ಬರುವುದನ್ನು.

“ಇದು ಅಪರೂಪದ ಪ್ರಕರಣ,” ಎಂದರು ಮುಖ್ಯಸ್ಥರು.

“ಲೆಕ್ಕವೇ ಇಲ್ಲ ಎಂದಿರಿ. ಅಪರೂಪ ಅಂತ ಹೇಗೆ ಗೊತ್ತಾಯಿತು?”

ಆ ಸದಸ್ಯೆ ದನಿ ಏರಿಸಿರಲಿಲ್ಲ. ನಾನು ಬ್ಯಾಂಕಿನಲ್ಲಿ ಗಂಟಲು ಹರಿದುಕೊಂಡು ಕೇಳಲಾಗದೆ ಬಂದದ್ದನ್ನು ಅವರು ತಣ್ಣಗೆ, ಕೇಳಬೇಕಾದವರನ್ನೇ ಕೇಳಿದ್ದರು.

ಅಮ್ಮ ಅಷ್ಟೂ ಹೊತ್ತು ಬಾಗಿಲಲ್ಲೇ ನಿಂತಿದ್ದಳು. “ಆ ಅರ್ಜಿಗೆ ಸಹಿ ಹಾಕೋದು ಬೇಡ ಬಿಡು,” ಎಂದಳು.

ವರದಿ ಬಂತು, ನನ್ನನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ಅದಾಗಿ ಎರಡು ತಿಂಗಳಿಗೆ ಸರ್ಕಾರದ ಉತ್ತರವೂ ಬಂತು. ಸಮಿತಿ ಹೇಳಿದ್ದೆಲ್ಲ ಆಗಲಿಲ್ಲ. ಹೋದ ಯಂತ್ರಕ್ಕೆ ಪರಿಹಾರ ಇಲ್ಲ. ಬೀಗ ಬಿದ್ದ ಖಾತೆಗಳು ತಾವಾಗಿ ತೆರೆಯುವುದಿಲ್ಲ, ಒಬ್ಬೊಬ್ಬರೂ ಹೊಸದಾಗಿ ಅರ್ಜಿ ಕೊಡಬೇಕು. ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಕರೆಯ ಬದಲು ಬರಹದ ಒಪ್ಪಿಗೆ ಸಾಕು ಎಂದು ನಿಯಮ ಬದಲಾಯಿತು. ಅಕ್ಕ ಅರ್ಜಿ ಕೊಟ್ಟಳು. ಹೋದ ತಿಂಗಳು ಖಾತೆ ತೆರೆಯಿತು, ಅವಳೊಬ್ಬಳ ಹೆಸರಲ್ಲೇ. ಅವತ್ತು ನಾನೂ ಬರುತ್ತೇನೆ ಎಂದು ಹೊರಟರೆ, “ನಿನಗೆ ಅಲ್ಲಿ ಏನು ಕೆಲಸ?” ಎಂದು ಒಬ್ಬಳೇ ಹೋದಳು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ಇಂಥದ್ದೊಂದು ಇರುತ್ತದೆ. ಸಾಲದ ನಿಯಮವೋ, ವಿಮೆಯದ್ದೋ, ತೆರಿಗೆಯದ್ದೋ. ಎಲ್ಲೋ ಕೂತು ಯಾರೋ ಬರೆದಿದ್ದಾರೆ, ನಿಮ್ಮ ಮನೆಯಲ್ಲಿ ಅದು ಕುತ್ತಿಗೆಗೆ ಬಂದಿದೆ. ಹಣಕಾಸು ಸಮಿತಿ ಅಭಿಪ್ರಾಯ ಕೇಳುವ ಪ್ರಕಟಣೆ ಪೇಪರಿನಲ್ಲಿ, ಸಂಸತ್ತಿನ ಜಾಲತಾಣದಲ್ಲಿ ಬರುತ್ತದೆ. ಕಾಣದಿದ್ದರೆ ಗ್ರಂಥಾಲಯದಲ್ಲಿ ಕೇಳಿ, ನೀವು ಆರಿಸಿದ ಸದಸ್ಯರ ಕಚೇರಿಯಲ್ಲಿ ಕೇಳಿ. ಕೊನೆಯ ದಿನಾಂಕ ನೋಡಿಕೊಳ್ಳಿ. ಒಂದು ಪುಟ ಸಾಕು. ನಡೆದದ್ದನ್ನು ನಡೆದ ಹಾಗೆ ಬರೆಯಿರಿ, ನಾಚಿಕೆ ಆಗುವ ಸಾಲನ್ನೂ ಬಿಡಬೇಡಿ. ಏನು ಬದಲಾಗಬೇಕೆಂದು ಹೇಳಿ. ಬರೆಯಲು ಬಾರದಿದ್ದರೆ ಹೇಳಿ ಬರೆಸಿ.

ಕೂಗಬೇಡಿ ಎಂದು ನಾನು ಹೇಳುವುದಿಲ್ಲ, ಹೇಳುವ ಯೋಗ್ಯತೆಯೂ ನನಗಿಲ್ಲ. ಕೂಗಿ. ಕೂಗಿ ಮನೆಗೆ ಬಂದ ಮೇಲೆ ಕೂತು ಬರೆಯಿರಿ. ಅಲ್ಲಿ ನಮ್ಮ ಪರವಾಗಿ ಕೇಳಲೆಂದೇ ಕೂರಿಸಿದ ಜನ ಇದ್ದಾರೆ. ಅವರ ಮೇಜಿನ ಮೇಲೆ ನಿಮ್ಮ ಹಾಳೆಯೇ ಇಲ್ಲದಿದ್ದರೆ ಅವರಾದರೂ ಏನೆಂದು ಕೇಳಬೇಕು?